ಗಣಪನಿಗೆ ಕೊಯ್ದ ಡೇರೆ ಹೂವು

ಮೈಸೂರಿನಲ್ಲಿದ್ದಾಗ ನಾನು ಬೆಳಗಿನ ವಾಕಿಂಗ್‌ಗೆ ಬರಿಗೈಯಲ್ಲಿ ಹೋದವಳಲ್ಲ. ಜೊತೆಗೊಂದು ಪ್ಲಾಸ್ಟಿಕ್ ಕವರು ಇದ್ದೇ ಇರುತ್ತಿತ್ತು. ಕಾಂಪೌಂಡು ದಾಟಿ ಬೀದಿಗೆ ಬಾಗಿದ ದಾಸವಾಳ, ಕಣಗಿಲೆ, ನಂದಿಬಟ್ಟಲುಗಳೆಲ್ಲ ಬೀದಿಯವರದು ಎಂಬುದು ನಮ್ಮಲ್ಲಿ ಯಾರೂ ಬರೆದಿಡದ ಕಾನೂನು. ಮನೆಯವರು ಕಿಟಕಿಯಿಂದ ನೋಡಿದರೆ "ದೇವರಿಗೆ" ಎನ್ನಬೇಕು. ಅವರು "ಮೊಗ್ಗು ಬಿಟ್ಟು ಕೊಯ್ಕೊಳ್ಳಿ" ಎನ್ನಬೇಕು. ಅಲ್ಲಿಗೆ ಮುಗಿಯಿತು. ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ಕಲಿಸಿದ ಮ್ಯಾನರ್ಸ್‌ಗೂ ಈ ಕವರಿಗೂ ಎಂದೂ ಜಗಳವಾಗಿರಲಿಲ್ಲ.

ಅಮೆರಿಕದ ಬೆಲ್ವ್ಯೂನಲ್ಲಿರುವ ಮಗಳ ಮನೆಗೆ ಬಂದು ನಾಲ್ಕು ವರ್ಷ ನಾನು ಯಾರ ಹೂವನ್ನೂ ಮುಟ್ಟಲಿಲ್ಲ. ಅಂಗಡಿಯ ಹೂವಿನಲ್ಲೇ ಪೂಜೆ. ಕಳೆದ ಗಣೇಶನ ಹಬ್ಬದ ಹಿಂದಿನ ದಿನ ಮಗಳು ಓವರ್‌ಲೇಕ್‌ನ ಆಫೀಸಿನಿಂದ ಸುಸ್ತಾಗಿ ಬಂದು ಹೂ ತರುವುದನ್ನೇ ಮರೆತಿದ್ದಳು. ಹಬ್ಬದ ಬೆಳಗ್ಗೆ ವಾಕಿಂಗ್ ಹೊರಟ ನನಗೆ ಪಕ್ಕದ ಬೀದಿಯ ಬೇಲಿಯ ಮೇಲೆ ಒಂದು ಬಿಳಿಯ ಡೇರೆ ಹೂವು ಕಂಡಿತು. ಊಟದ ತಟ್ಟೆಯಷ್ಟು ಅಗಲ. ಅದರ ನೆತ್ತಿಯ ಮೇಲೆ, ಕೋಲಿಗೆ ಕಟ್ಟಿದ ಒಂದು ಪುಟ್ಟ ಕೊಡೆ ಬೇರೆ! ಕೊಡೆ ಹಿಡಿಸಿಕೊಂಡು ನಿಂತ ಹೂವು ದೇವರಿಗಲ್ಲದೆ ಇನ್ನಾರಿಗೆ ಎಂದುಕೊಂಡೆ. ಅದು ಬೀದಿಗೂ ಬಾಗಿತ್ತು. ಕೈ ತಾನಾಗಿಯೇ ಹೋಯಿತು.

ಪೂಜೆ ಮುಗಿದು ಕಡುಬು ಇನ್ನೂ ಬಿಸಿಯಿರುವಾಗಲೇ ಮೊಮ್ಮಗಳು ಫೋನು ಹಿಡಿದು ಬಂದಳು. "ಅಜ್ಜಿ, ಯು ಆರ್ ಫೇಮಸ್!"

ಆ ಮನೆಯ ಡೋರ್‌ಬೆಲ್ ಕ್ಯಾಮೆರಾ ನನ್ನನ್ನು ಹಿಡಿದಿತ್ತು. ಸೀರೆ, ಸ್ನೀಕರ್ಸ್, ಮಂಕಿ ಕ್ಯಾಪು. ಏರಿಯಾದ ಆನ್‌ಲೈನ್ ಗ್ರೂಪಿನಲ್ಲಿ ವಿಡಿಯೋ ಹಾಕಿ, "ಈ ಹೆಂಗಸು ಯಾರೆಂದು ಯಾರಿಗಾದರೂ ಗೊತ್ತೇ?" ಎಂದು ಕೇಳಿದ್ದರು. ಕೆಳಗೆ ಒಬ್ಬರು ಪೊಲೀಸರಿಗೆ ಹೇಳಿ ಎಂದಿದ್ದರು. ಇನ್ನೊಬ್ಬರು, "ಅವರ ದೇಶದಲ್ಲಿ ಇದೆಲ್ಲ ನಡೆಯುತ್ತದೇನೋ" ಎಂದು ಬರೆದಿದ್ದರು.

ಅದನ್ನು ಓದಿ ಮಗಳು ಕುರ್ಚಿಯಲ್ಲಿ ಕುಸಿದು ಕುಳಿತಳು. "ಅಮ್ಮಾ, ಹನ್ನೆರಡು ವರ್ಷದಿಂದ ಒಗ್ಗರಣೆ ಹಾಕೋವಾಗ ಕಿಟಕಿ ಮುಚ್ತಿದೀನಿ. ಹಬ್ಬಕ್ಕೆ ಬಂದೋರ ಚಪ್ಪಲಿ ಬಾಗಿಲಲ್ಲಿ ಕಾಣ್ಬಾರ್ದು ಅಂತ ಗರಾಜಲ್ಲಿ ಬಿಡಿಸ್ತೀನಿ. ಯಾಕೆ ಹೇಳು? ಆ ಇಂಡಿಯನ್ಸ್ ಮನೆ ಅಂತ ಯಾರೂ ಬೆರಳು ತೋರಿಸ್ಬಾರ್ದು ಅಂತ. ಚೌತಿ ಚಂದ್ರನ್ನ ನೋಡಿದ್ರೆ ಕಳ್ಳತನದ ಸುಳ್ಳು ಅಪವಾದ ಬರತ್ತೆ ಅಂತಾರೆ. ನೀನು ಚಂದ್ರ ಹುಟ್ಟೋಕೆ ಮುಂಚೇನೇ ನಿಜವಾದ್ದನ್ನೇ ತಂದ್ಯಲ್ಲ!"

"ಹೋಗಿ ಸಾರಿ ಕೇಳ್ತೀನಿ ಕಣೇ."

"ಬೇಡ. ಮುಖ ಸರಿಯಾಗಿ ಕಾಣಲ್ಲ. ಎರಡು ದಿನ ಹೊರಗೆ ಹೋಗ್ಬೇಡ, ಮರೀತಾರೆ."

ಈ ವಯಸ್ಸಿನಲ್ಲಿ ಅಡಗಿ ಕೂರಲೇ? ಸೀರೆಯ ನೆರಿಗೆ ಸರಿ ಮಾಡಿಕೊಂಡು ಹೊರಟೆ. ಗೊಣಗುತ್ತಲೇ ಮಗಳೂ ಹಿಂದೆ ಬಂದಳು.

ಬಾಗಿಲು ತೆರೆದವರು ನನ್ನದೇ ವಯಸ್ಸಿನವರು, ಮೊಣಕಾಲುದ್ದದ ಗಮ್‌ಬೂಟು ಹಾಕಿದ್ದರು. "ಐ ಬೆಗ್ ಯುವರ್ ಪಾರ್ಡನ್, ಮೇಡಂ," ಎಂದು ಶುರುಮಾಡಿದೆ. ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಉಳಿದ ವಾಕ್ಯಗಳನ್ನು ಹೇಳಲು ಅವರು ಬಿಡಲಿಲ್ಲ.

"ದಂಟೆಲ್ಲಿ?" ಎಂದರು.

"ದಂಟೇ?"

"ಕುತ್ತಿಗೆಗೇ ಕಿತ್ತಿದ್ದೀರಿ! ಹೂವನ್ನು ಹಾಗೆ ಯಾರು ಕೊಯ್ತಾರೆ?"

"ನಾವು," ಎಂದೆ. ದೇವರ ತಲೆಗೆ ಇಡುವ ಹೂವಿಗೆ ದಂಟು ಯಾಕೆ ಎಂದು ವಿವರಿಸಿದೆ.

ಅವರೂ ವಿವರಿಸಿದರು. ಶನಿವಾರ ಡೇಲಿಯಾ ಶೋ, ಅಂದರೆ ನಮ್ಮ ಡೇರೆ ಹೂವಿನ ಸ್ಪರ್ಧೆ. ಈ ಒಂದೇ ಹೂವು ದೊಡ್ಡದಾಗಲೆಂದು ಸುತ್ತಲಿನ ಮೊಗ್ಗುಗಳನ್ನೆಲ್ಲ ಕೈಯಾರೆ ಚಿವುಟಿದ್ದರು. ಮಳೆಹನಿ, ಬಿಸಿಲು ತಾಗಿ ಕಲೆಯಾಗದಿರಲೆಂದು ಕೊಡೆ ಕಟ್ಟಿದ್ದರು. ಉದ್ದನೆಯ ದಂಟಿಲ್ಲದ ಹೂವನ್ನು ಶೋನವರು ಮುಟ್ಟಿಯೂ ನೋಡುವುದಿಲ್ಲವಂತೆ.

"ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿದೆ," ಎಂದರು.

ಮಗಳು ತಲೆ ತಗ್ಗಿಸಿದಳು. ನನಗೂ ನಾಚಿಕೆಯಾಗಿತ್ತು. ಆದರೆ ನಾಲ್ಕು ವರ್ಷಗಳಲ್ಲಿ ಈ ಊರಿನಲ್ಲಿ ನನ್ನ ಮೇಲೆ ಯಾರೂ ಸಿಟ್ಟಾಗಿರಲಿಲ್ಲ. ಎಲ್ಲರೂ ನಗುತ್ತಾರೆ, ಹ್ಯಾವ್ ಎ ನೈಸ್ ಡೇ ಎಂದು ಮುಂದೆ ಹೋಗುತ್ತಾರೆ. ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು ಬೈದವರು ಇವರೊಬ್ಬರೇ. ನಮ್ಮ ಮೈಸೂರಿನ ಬೀದಿಯವರಂತೆಯೇ ಬೈದರು. ಅದಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ.

"ಈಗ ಎಲ್ಲಿದೆ?"

"ದೇವರ ತಲೆಯ ಮೇಲೆ. ವಿಸರ್ಜನೆಯಾಗುವವರೆಗೆ ತೆಗೆಯುವ ಹಾಗಿಲ್ಲ."

"ನಡೀರಿ, ನೋಡಬೇಕು," ಎಂದು ಅವರು ಒಳಗಿನಿಂದ ಅಳತೆ ಟೇಪು ತಂದರು.

ನಮ್ಮ ಮನೆಯ ಮುಂಬಾಗಿಲಲ್ಲೇ, ಬೀದಿಗೆಲ್ಲ ಕಾಣುವಂತೆ, ಗಮ್‌ಬೂಟು ಬಿಚ್ಚಿಟ್ಟು ಒಳಗೆ ಬಂದರು. ಮಗಳು "ಗರಾಜ್..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ದೇವರ ಮುಂದೆ ನಿಂತಾಗಿತ್ತು. ಅವರು ಗಣಪನನ್ನು ನೋಡಲೇ ಇಲ್ಲ, ನೋಡಿದ್ದು ಹೂವನ್ನು. ಮುಟ್ಟದೆ, ಟೇಪನ್ನು ಗಾಳಿಯಲ್ಲೇ ಹಿಡಿದು ಅಳೆದರು. ಹನ್ನೊಂದು ಇಂಚು! ಆಮೇಲೆ ನಿಧಾನವಾಗಿ ದೃಷ್ಟಿ ಕೆಳಗಿಳಿಸಿ, ನೇರ ಗಣಪನಿಗೇ, "ಇದಕ್ಕೆ ಫಸ್ಟ್ ಪ್ರೈಜ್ ಬರ್ತಿತ್ತು, ಗೊತ್ತಾ? ಬದಲಿಗೆ ಏನು ಕೊಡ್ತೀ?" ಎಂದು ಕೇಳಿದರು.

"ಕಡುಬು," ಎಂದಳು ಮೊಮ್ಮಗಳು.

ಮೂರು ತಿಂದರು. ತುಪ್ಪದ ಬೆರಳನ್ನು ಒರೆಸಿಕೊಂಡು ಫೋನು ತೆಗೆದು ಗ್ರೂಪಿನಲ್ಲಿ ಬರೆದರು. ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳಿದಳು: "ಹೂವು ಸಿಕ್ಕಿದೆ, ನಮ್ಮ ನೆರೆಯವರ ದೇವರ ತಲೆಯ ಮೇಲಿದೆ, ಮುಂದಿನ ಸಲ ಅವರು ಬೆಲ್ ಮಾಡುತ್ತಾರೆ. ಅವರ ದೇಶದ ಬಗ್ಗೆ ಬರೆದವರು ಪ್ರತಿ ವರ್ಷ ನನ್ನ ಮರದ ಸೇಬು ಕೀಳುವುದನ್ನೂ ನಾನು ನೋಡಿದ್ದೇನೆ."

ಮಗಳು ನಕ್ಕ ರಭಸಕ್ಕೆ ಅವಳ ಕಣ್ಣಲ್ಲಿ ನೀರು ಬಂತು.

ಶನಿವಾರ ಅವರನ್ನು, ಜೊತೆಗೆ ನನ್ನನ್ನೂ, ಶೋಗೆ ಕರೆದೊಯ್ದದ್ದು ಅವಳೇ, ತಾನಾಗಿ ಕೇಳಿ. ಅವರ ಇನ್ನೊಂದು ಗಿಡದ ಹೂವಿಗೆ ಮೂರನೆಯ ಬಹುಮಾನ ಬಂತು. ಶೋ ನಡೆದ ಹಾಲ್‌ನ ತುಂಬ ಡೇಲಿಯಾ ಬೆಳೆಸುವ ಅಜ್ಜ ಅಜ್ಜಿಯರು. ಅವರೆಲ್ಲರೆದುರಿಗೆ ನಮ್ಮ ನೆರೆಯವರು ನನ್ನತ್ತ ಬೆರಳು ಮಾಡಿ, "ನನ್ನ ಫಸ್ಟ್ ಪ್ರೈಜ್ ಕಿತ್ತವರು ಇವರೇ. ನಮ್ಮ ಬೀದಿಯವರು," ಎಂದರು. ಎಲ್ಲರೂ ತಿರುಗಿ ನೋಡಿದರು. ನಾನು ಮಗಳ ಮುಖ ನೋಡಿದೆ. ಅವಳು ನನ್ನ ಹೆಗಲ ಮೇಲೆ ಕೈ ಹಾಕಿ, "ಯೆಸ್, ದಟ್ಸ್ ಮೈ ಮದರ್," ಎಂದಳು, ಇಡೀ ಹಾಲ್‌ಗೆ ಕೇಳಿಸುವ ಹಾಗೆ.

ಪಕ್ಕದ ಟೇಬಲ್ಲಿನ ಮುದುಕರೊಬ್ಬರು ತಮ್ಮ ಹೂದಾನಿಯನ್ನು ಮೆಲ್ಲಗೆ ನನ್ನಿಂದ ಆಚೆಗೆ ಸರಿಸಿಕೊಂಡರು.