ಒಂದೇ ಹಾಲಿಗೆ ಎರಡು ಅಂಕಿ

ಮಾಗಡಿ ಕಡೆಯ ಭಾನುಪ್ರಿಯ ಹದಿನೆಂಟು ವರ್ಷದಿಂದ ಕನಕಪುರದ ಒಂದು ಖಾಸಗಿ ಡೈರಿಯ ಲ್ಯಾಬಿನಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದಳು. ಹಾಲಿನಲ್ಲಿ ಬಿ-ಟು ವಿಟಮಿನ್ ಎಷ್ಟಿದೆಯೆಂದು ತಿಳಿಯಲು ಅವಳದು ಹಳೆಯ ವಿಧಾನ. ಹಾಲಿನಿಂದ ತೆಗೆದ ತಿಳಿಯನ್ನು ವಿಶೇಷ ದೀಪದ ಬೆಳಕಿಗೆ ಹಿಡಿದು, ಅದು ಸೂಸುವ ಹಸಿರು ಹೊಳಪನ್ನು ಮೀಟರಿನಲ್ಲಿ ಓದುತ್ತಿದ್ದಳು. ಈ ವರ್ಷ ಅದೇ ಕೆಲಸಕ್ಕೆ ದೊಡ್ಡ ಯಂತ್ರವೊಂದು ಬಂತು. ಎರಡನ್ನೂ ಹೋಲಿಸಿ ನೋಡಿ ಎಂದು ಮ್ಯಾನೇಜರ್ ಹೇಳಿದರು.

ವಾರವಿಡೀ ಒಂದೇ ಹಾಲಿಗೆ ಯಂತ್ರ ಕಡಿಮೆ ತೋರಿಸಿತು, ಅವಳ ಮೀಟರು ಹೆಚ್ಚು.

“ನಿಮ್ ಮೀಟರ್‌ಗೆ ವಯಸ್ಸಾಗೈತೆ, ಭಾನಕ್ಕ,” ಎಂದ ಯಂತ್ರ ನಡೆಸುವ ಜಯಕುಮಾರ್.

ಅವಳಿಗೆ ಚುರುಕ್ಕೆಂದಿತು. ಮರುದಿನ ಬೆಳಗ್ಗೆ ಅವನ ಪಕ್ಕದಲ್ಲೇ ಕೂತು ಎಲ್ಲವನ್ನೂ ನೋಡಿದಳು. ಯಂತ್ರ ಒಂದೊಂದೇ ಸೀಸೆ ತೆಗೆದುಕೊಳ್ಳುತ್ತಿತ್ತು. ಉಳಿದವು ಕಿಟಕಿಯ ಬಳಿ ಬಿಸಿಲಿನಲ್ಲಿ ಸರದಿ ಕಾಯುತ್ತಿದ್ದವು. ಮೊದಲ ಸೀಸೆಯ ಅಂಕಿ ಅವಳದಕ್ಕೆ ಹತ್ತಿರವಿತ್ತು. ಕಾದಷ್ಟೂ ಮುಂದಿನವು ಇಳಿಯುತ್ತ ಹೋದವು.

“ಕುಮಾರ, ಬಿ-ಟು ಬಿಸಿಲಿಗೆ ನಾಶ ಆಗೋಯ್ತದೆ ಕಣಪ್ಪ. ನಾನು ಕತ್ತಲೆ ರೂಮಲ್ಲಿ ಇಡ್ತೀನಿ. ಹೊಸ ಹಾಲು ತುಂಬಿ ಇವಕ್ಕೂ ಒಸಿ ಫಾಯಿಲ್ ಸುತ್ತಿ ನೋಡಾನ.”

ಅವನು ಅರೆಮನಸ್ಸಿನಿಂದಲೇ ಸುತ್ತಿದ. ಸಂಜೆಗೆ ಎರಡೂ ಅಂಕಿಗಳು ಬಹುತೇಕ ಒಂದಾದವು.

“ತಪ್ಪು ನಂದೇ ಬುಡಕ್ಕ,” ಎಂದು ಜಯಕುಮಾರ್ ನಕ್ಕ. “ನೀವೂ ಇದನ್ನ ಕಲೀರಿ. ನನ್ನೊಬ್ಬನ ಕೈಲಿ ಮುಗಿಯಾಕಿಲ್ಲ.”

ಮುಂದಿನ ಸೋಮವಾರ ಯಂತ್ರದ ಗುಂಡಿಯನ್ನು ಮೊದಲು ಒತ್ತಿದವಳು ಭಾನುಪ್ರಿಯ.