ಹುರಿದ ಗೋಧಿಯ ಬಣ್ಣ

ದಾವಲಸಾಬರು ಉಕ್ಕಿನ ಬಣ್ಣಗಳನ್ನು ಅಡುಗೆಮನೆಯ ಹೆಸರುಗಳಿಂದ ಕರೆಯುತ್ತಿದ್ದರು. ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿ ತೆಗೆದ ಚಾಕುವಿನ ಅಲಗು ಗಾಜಿನಷ್ಟು ಗಡುಸಾಗಿರುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಅದರ ಒಂದು ಮಗ್ಗುಲನ್ನು ಬೆಳ್ಳಗೆ ಉಜ್ಜಿ, ಮಂದ ಉರಿಯ ಮೇಲೆ ಎರಡನೆಯ ಸಲ ಕಾಸಿದಾಗ ಆ ಬಿಳುಪಿನ ಮೇಲೆ ಬಣ್ಣಗಳು ಒಂದರ ಹಿಂದೊಂದು ಏಳುತ್ತವೆ. ಮೊದಲನೆಯದು ಅವರ ಮಾತಿನಲ್ಲಿ ಹಸಿ ಗೋಧಿ. ಆಮೇಲೆ ಹುರಿದ ಗೋಧಿ, ಬೆಲ್ಲ, ಬದನೆಕಾಯಿ. ಕೊನೆಗೆ ಬರುವ ನೀಲಿಗೆ ಅವರು ಯಾವ ತಿನಿಸಿನ ಹೆಸರನ್ನೂ ಕೊಟ್ಟಿರಲಿಲ್ಲ. ಅದು ಕೆಟ್ಟ ಅಡುಗೆ. ಚಾಕುವನ್ನು ಹುರಿದ ಗೋಧಿಯಲ್ಲಿಯೇ ನಿಲ್ಲಿಸಬೇಕು. ಮುಂಚೆ ತೆಗೆದರೆ ಅಲಗು ಒಡೆಯುತ್ತದೆ, ತಡವಾದರೆ ಬಾಯಿ ಮಡಚುತ್ತದೆ. ನಡುವೆ ಸಿಗುವುದು ಎರಡು ಉಸಿರಿನಷ್ಟು ಹೊತ್ತು. ಆ ಹೊತ್ತಿನಲ್ಲಿ ಅವರು ಇಕ್ಕಳದಲ್ಲಿದ್ದ ಅಲಗಿಗೆ ತಮ್ಮ ದಖನಿಯಲ್ಲಿ, ಮಗುವನ್ನು ರಮಿಸುವ ದನಿಯಲ್ಲಿ, “ಠೈರ್, ಠೈರ್”, ತಡಿ ತಡಿ, ಎನ್ನುತ್ತಿದ್ದರು.

ನಮ್ಮ ಮೊದಲ ಭೇಟಿ ಒಂದು ಗುರುವಾರ ಆಯಿತೆಂದು ನಾನು ಬಹುಕಾಲ ನಂಬಿದ್ದೆ. ದಿನಚರಿಯನ್ನು ತೆಗೆದು ನೋಡಿದಾಗ ಅದು ಶುಕ್ರವಾರವೆಂದು ತಿಳಿಯಿತು. ನಾನು ನಿವೃತ್ತನಾದ ವರ್ಷದ ಜೂನ್ ತಿಂಗಳು. ಚೆಂಬೂರಿನ ನಮ್ಮ ಕಾಲೊನಿಯ ಗೇಟಿನ ಹೊರಗೆ ಸೈಕಲ್ಲಿಗೆ ಸಾಣೆಕಲ್ಲು ಜೋಡಿಸಿಕೊಂಡ ಒಬ್ಬರು ಕತ್ತರಿಗಳನ್ನು ಹರಿತ ಮಾಡುತ್ತಿದ್ದರು. ನನ್ನ ತಾಯಿ ಉಡುಪಿಯಿಂದ ತಂದಿದ್ದ, ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನು ಒಯ್ದು ಕೊಟ್ಟೆ. ಅವರು ಉಗುರಿನಿಂದ ಅದರ ಅಲಗನ್ನು ಮೀಟಿ, ಕಿವಿಗೆ ಹಿಡಿದು, ಕನ್ನಡದಲ್ಲಿ ತಮ್ಮಷ್ಟಕ್ಕೆ ತಾವೇ ಶಹಬಾಸ್ ಹೇಳಿಕೊಂಡರು. ಹಾಗೆ ಮಾತು ಬೆಳೆಯಿತು. ವಿಜಯಪುರದ ಕಡೆಯವರು, ಕಾಂದಿವಲಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಗರಗಸದ ಅಲಗುಗಳಿಗೆ ಹದ ಕೊಡುತ್ತಿದ್ದು, ಅದು ಮುಚ್ಚಿದ ಮೇಲೆ ಸೈಕಲ್ ಹಿಡಿದವರು. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದ ನಾನು ಅಭ್ಯಾಸಬಲದಿಂದ, ಈ ಕತ್ತಿ ಯಾವ ಕಾಲದ್ದಿರಬಹುದು ಎಂದು ಕೇಳಿದೆ.

“ಕಾಲ ನಮಗ ತಿಳಿಯೂದಿಲ್ರಿ, ಮಾಸ್ತರ. ಆದ್ರ ಮಾಡಿದಾಂವ ಅವಸರದಾಗ ಇರಲಿಲ್ಲ, ಅದಷ್ಟು ಇದರಾಗ ಕಾಣತದ.”

ನಾನು ಯಾವ ಶಾಲೆಯಲ್ಲಿಯೂ ಪಾಠ ಹೇಳಿದವನಲ್ಲ. ಆದರೂ ಅಂದಿನಿಂದ ಕೊನೆಯವರೆಗೆ ಅವರಿಗೆ ನಾನು ಮಾಸ್ತರನೇ ಆದೆ.

ಚಾಕು ಮಾಡುವ ಉದ್ಯಮದ ಯೋಚನೆ ಮೊದಲು ಯಾರದು ಎಂಬ ವಿಷಯದಲ್ಲಿ ನಮ್ಮಿಬ್ಬರ ಹೇಳಿಕೆಗಳು ತಾಳೆಯಾಗುತ್ತಿರಲಿಲ್ಲ. ಇಬ್ಬರೂ ಅದನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತಿದ್ದೆವು. ಮರುವರ್ಷದ ಜನವರಿಯಲ್ಲಿ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರಲ್ಲಿ ಅರ್ಧ ಗಾಳಾ, ಅಂದರೆ ಒಂದು ಶೆಡ್ಡಿನ ಅರ್ಧ ಭಾಗ, ಬಾಡಿಗೆಗೆ ಹಿಡಿದೆವೆಂಬುದು ಮಾತ್ರ ನಿಶ್ಚಿತ. ಕರಾರುಪತ್ರ ನನ್ನ ಬಳಿ ಇದೆ. ಉಳಿದರ್ಧದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದರು. ನಮ್ಮ ಪಾಲಿಗೆ ಒಂದು ಕುಲುಮೆ, ಒಂದು ಸಾಣೆಯಂತ್ರ ಮತ್ತು ಉತ್ತರಕ್ಕೆ ತೆರೆಯುವ ಒಂದು ಕಿಟಕಿ. ಆ ಕಿಟಕಿಗಾಗಿಯೇ ದಾವಲಸಾಬರು ಬೇರೆ ನಾಲ್ಕು ಜಾಗಗಳನ್ನು ಒಲ್ಲೆನೆಂದಿದ್ದರು. ದೀಪದ ಬೆಳಕಿನಲ್ಲಿ ಗೋಧಿ ಯಾವುದು ಬೆಲ್ಲ ಯಾವುದು ತಿಳಿಯದು. ಬೆಳಿಗ್ಗೆ ಹತ್ತರ ನಂತರ ಉತ್ತರದ ಕಿಟಕಿಯಿಂದ ಬರುವ ಬೆಳಕು ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು. ಹಳೆಯ ಗರಗಸದ ಪಟ್ಟಿಗಳಿಂದ ಅಲಗು ಕತ್ತರಿಸುವುದು, ಹದ ಕೊಡುವುದು ಅವರ ಕೆಲಸ. ಮರದ ಹಿಡಿ ಕೂರಿಸುವುದು, ಗಿರಾಕಿಗಳನ್ನು ಕಾಣುವುದು ನನ್ನದು. ಕುರ್ಲಾ, ದಾದರ್ ಎರಡೂ ಕಡೆ ಲೋಕಲ್ ಬದಲಿಸಿ ನಾನು ತಲುಪುವ ಹೊತ್ತಿಗೆ ಅವರು ಚಹಾ ಕುಡಿದು ಮುಗಿಸಿರುತ್ತಿದ್ದರು. ನನ್ನ ಪಾಲನ್ನು ತಟ್ಟೆ ಮುಚ್ಚಿ ಕುಲುಮೆಯ ಅಂಚಿನಲ್ಲಿಟ್ಟಿರುತ್ತಿದ್ದರು.

ಪ್ರತಿಯೊಂದು ಅಲಗಿನ ಮೇಲೆಯೂ ಅದು ತಯಾರಾದ ದಿನಾಂಕವನ್ನು ಒತ್ತಬೇಕೆಂದು ನಾನು ಹಟ ಹಿಡಿದೆ. ದಿನಾಂಕವಿಲ್ಲದ ವಸ್ತುಗಳೊಡನೆ ಗುದ್ದಾಡಿ ದಣಿದವನು ನಾನು. ನಾನೇ ಪಾಲುದಾರನಾದ ವಸ್ತುವಿಗೆ ಆ ಗತಿ ಬರಬಾರದೆನಿಸಿತು. ದಾವಲಸಾಬರು ತಲೆ ಕೆರೆದುಕೊಂಡು ಒಪ್ಪಿದರು. ಹದ ಕೊಡುವ ದಿನ ಬೆಳಿಗ್ಗೆ, ಉಕ್ಕು ಇನ್ನೂ ಮೆತ್ತಗಿರುವಾಗ, ಅಂಕಿಯ ಅಚ್ಚುಗಳನ್ನಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಮೊದಲ ಕಟ್ಟನ್ನು ಬಾಂದ್ರಾದ ಒಂದು ಹೋಟೆಲಿಗೆ ಇಬ್ಬರೂ ಕೂಡಿ ಒಯ್ದೆವು. ಅದರ ಮಾಲಕರು ಶೆಟ್ಟರು, ನಮ್ಮ ಊರಿನವರೇ. ಚಾಕುವನ್ನು ತಿರುಗಿಸಿ ನೋಡಿದವರ ಮುಖ ಸಪ್ಪಗಾಯಿತು.

“ಇದು ಹೋದ ತಿಂಗಳಿದ್ದಲ್ವಾ, ಮಾರಾಯ್ರೆ? ಊರಿನವರಿಗೇ ಹಳೇ ಮಾಲು ಕೊಡುದಾ?”

ಉಕ್ಕಿಗೆ ಹಳತು ಹೊಸತೆಂಬುದಿಲ್ಲವೆಂದು ನಾನು ವಿವರಿಸತೊಡಗಿದೆ. ವಿವರಣೆ ಬೆಳೆದಷ್ಟೂ ಶೆಟ್ಟರ ಅನುಮಾನವೂ ಬೆಳೆಯಿತು. ಹಾಗಾದರೆ ಇದನ್ನು ಯಾವ ತಾರೀಖಿನ ಒಳಗೆ ಉಪಯೋಗಿಸಬೇಕು ಎಂದೂ ಕೇಳಿದರು. ಆಗ ದಾವಲಸಾಬರು ಗಂಭೀರವಾಗಿ ನಡುವೆ ಬಾಯಿ ಹಾಕಿದರು. “ಶೆಟ್ರ, ಅದು ಚಾಕುವಿನ ಹುಟ್ಟಿದ ದಿನ ಐತ್ರಿ. ಮಾಸ್ತರಿಗೆ ಮಕ್ಕಳಿಲ್ಲ, ಹಿಂಗಾಗಿ ಇದಕ್ಕ ಜಾತಕ ಬರಸ್ಯಾರ.” ಶೆಟ್ಟರು ಹೊಟ್ಟೆ ಹಿಡಿದು ನಕ್ಕು ಇಡೀ ಕಟ್ಟನ್ನು ಇಟ್ಟುಕೊಂಡರು. ನನಗೆ ಮಕ್ಕಳಿಲ್ಲವೆಂಬುದನ್ನು ಬೇರೆ ಯಾರೇ ಹಾಗೆ ಅಂದಿದ್ದರೂ ನೋಯುತ್ತಿತ್ತು. ಅವರ ಬಾಯಲ್ಲಿ ಅದು ನೋಯಲಿಲ್ಲ. ಏಕೆಂದು ಇಂದಿಗೂ ಹೇಳಲಾರೆ.

ಮರಳುವಾಗ ಲೋಕಲ್ಲಿನಲ್ಲಿ ಅವರೇ ದಾರಿ ತೋರಿಸಿದರು. ಅಲಗಿನ ಬುಡ ಮರದ ಹಿಡಿಯೊಳಗೆ ಹೋಗುತ್ತದೆಯಷ್ಟೆ. ತಾರೀಖನ್ನು ಅಲ್ಲಿ ಒತ್ತಿದರೆ ನನಗೂ ಸಮಾಧಾನ, ಗಿರಾಕಿಗೂ ಕಾಣದು. ಅಂದಿನಿಂದ ನಮ್ಮ ಚಾಕುಗಳೆಲ್ಲ ತಮ್ಮ ಜಾತಕವನ್ನು ಹಿಡಿಯೊಳಗೆ ಮುಚ್ಚಿಟ್ಟುಕೊಂಡೇ ಹೋದವು.

ಹೆಚ್ಚುಕಡಿಮೆ ಐದು ವರ್ಷ ಹೀಗೆ ಸುಖವಾಗಿ ನಡೆಯಿತು. ಐದನೆಯ ವರ್ಷದ ಮಳೆಗಾಲ ಮುಗಿದ ಮೇಲೆ ಅವರಲ್ಲಿ ಹೊಸದೊಂದು ಅಭ್ಯಾಸ ಕಾಣಿಸಿತು. ಅಲಗನ್ನು ಎರಡನೆಯ ಸಲ ಕಾಸುವಾಗ ನನ್ನನ್ನು ಪಕ್ಕಕ್ಕೆ ಕರೆದು, ಕಿಟಕಿಯ ಬೆಳಕಿಗೆ ಹಿಡಿದು, “ಈಗ ಯಾವ ಬಣ್ಣ ಹೇಳ್ರಿ, ಮಾಸ್ತರ” ಎನ್ನುವರು. ಅವರು ನನಗೆ ವಿದ್ಯೆ ಕಲಿಸುತ್ತಿದ್ದಾರೆಂದು ನಾನು ಹಿಗ್ಗಿದೆ. ಅರವತ್ತೈದು ದಾಟಿದ ಮೇಲೆ ಒಬ್ಬ ಗುರು ಸಿಕ್ಕಿದರೆ ಯಾರು ಹಿಗ್ಗುವುದಿಲ್ಲ? ಹಸಿ ಗೋಧಿ, ಇನ್ನೂ ಹಸಿ, ಅಂಚಿನಲ್ಲಿ ಮಾತ್ರ ಹುರಿದದ್ದು, ಇದೀಗ ಪೂರ್ತಿ ಹುರಿದದ್ದು ಎಂದು ಸಂಶೋಧಕನ ಎಚ್ಚರದಿಂದ ಉತ್ತರಿಸುತ್ತಿದ್ದೆ. ನನ್ನ ಮಾತು ಮುಗಿಯುವುದರೊಳಗೆ ಅವರು ಅಲಗನ್ನು ಉರಿಯಿಂದ ತೆಗೆದಿರುತ್ತಿದ್ದರು. ಒಮ್ಮೆಯೂ ನನ್ನ ಉತ್ತರವನ್ನು ತಪ್ಪೆನ್ನಲಿಲ್ಲ. ನಾನು ತೇರ್ಗಡೆಯಾಗುತ್ತಿದ್ದೇನೆಂದುಕೊಂಡೆ.

ಅದೇ ದಿನಗಳಲ್ಲಿ ಒಂದು ತಾಮ್ರಪಟದ ತೇದಿಯನ್ನು ಕುರಿತ ಲೇಖನಕ್ಕಾಗಿ ನಾನು ಫೋರ್ಟಿನ ಗ್ರಂಥಾಲಯದಲ್ಲಿ ಕೂರತೊಡಗಿದ್ದೆ. ವಾರಕ್ಕೆ ಐದು ದಿನ ಕಾಂದಿವಲಿಗೆ ಹೋಗುತ್ತಿದ್ದವನು ಎರಡೇ ದಿನ ಹೋಗಲಾರಂಭಿಸಿದೆ.

ಮಾರ್ಚಿನಲ್ಲಿ ಶೆಟ್ಟರ ಫೋನು ಬಂತು. ನಮ್ಮ ಚಾಕುವಿನ ತುದಿ ಹಾರಿ, ತುಂಡೊಂದು ಸಾಂಬಾರಿನ ಪಾತ್ರೆಯಲ್ಲಿ ಸಿಕ್ಕಿತ್ತು. ಬಡಿಸುವ ಮೊದಲು ಅಡುಗೆಯವನ ಕಣ್ಣಿಗೆ ಬಿದ್ದುದರಿಂದ ಅನಾಹುತ ತಪ್ಪಿತು. ವಿಚಾರಿಸಿದಾಗ ಬೇರೆ ಹೋಟೆಲುಗಳಿಂದಲೂ ಮುರಿದವು ಹೊರಬಂದವು. ಒಟ್ಟು ಏಳು. ಮನೆಗೆ ತಂದು ಹಿಡಿಗಳನ್ನು ಬಿಚ್ಚಿ ದಿನಾಂಕಗಳನ್ನು ಪಟ್ಟಿ ಮಾಡಿದೆ. ಏಳೂ ಹಿಂದಿನ ಮಳೆಗಾಲದ ಈಚಿನವು. ಅದಕ್ಕೂ ಹಿಂದಿನ ಒಂದೇ ಒಂದು ಚಾಕು ಮುರಿದಿರಲಿಲ್ಲ. ತೀರ್ಮಾನ ಸ್ಪಷ್ಟವಾಗಿತ್ತು, ಆಧಾರಗಳು ಬಲವಾಗಿದ್ದವು. ಪಟ್ಟಿಯನ್ನು ನಕಲು ಮಾಡಿ, ಗೆರೆ ಎಳೆದು, ಮರುದಿನವೇ ಗಾಳಾಕ್ಕೆ ಒಯ್ದೆ.

ಅವರು ಕಾಗದವನ್ನು ಕಿಟಕಿಯ ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ನನ್ನ ಕೈಗೇ ಕೊಟ್ಟು ಓದಲು ಹೇಳಿದರು. ನಾನು ಓದಿದೆ. ಏಳು ದಿನಾಂಕಗಳು. ಪಕ್ಕದವರ ರಟ್ಟು ಕತ್ತರಿಸುವ ಯಂತ್ರ ಆಗ ನಿಂತಿತ್ತು.

“ನನ್ನ ಕಣ್ಣು ಯಾವಾಗ ಹೋತು ಅಂತ ನನಗ ಗೊತ್ತಿರಲಿಲ್ರಿ,” ಎಂದರು. “ನೀವು ತಾರೀಖು ಸಮೇತ ಬರದೀರಿ.”

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಲೇಸಾಗುತ್ತಿತ್ತು. ಕಣ್ಣಿನ ವೈದ್ಯರ ಬಳಿ ಕರೆದೊಯ್ದೆ. ಪೊರೆ ಬೆಳೆದು ಬಿಳಿಯದೆಲ್ಲ ಹಳದಿಯಾಗಿ ಕಾಣುತ್ತಿದೆ ಎಂದರು ವೈದ್ಯರು; ಪೊರೆಯನ್ನೇನೋ ತೆಗೆಯಬಹುದು, ಆದರೆ ಸಕ್ಕರೆ ಕಾಯಿಲೆ ಒಳಗಿನ ದೃಷ್ಟಿಯನ್ನೇ ಕೆಡಿಸಿದೆ. ಉಜ್ಜಿದ ಉಕ್ಕಿನ ಬಿಳುಪೇ ದಾವಲಸಾಬರಿಗೆ ಗೋಧಿಯಾಗಿ ಕಂಡಿತ್ತು; ಬಣ್ಣ ಬರುವ ಮೊದಲೇ ಬಂತೆಂದು ತೆಗೆದಿದ್ದರು. ಏಪ್ರಿಲ್ ಕೊನೆಗೆ ಗಾಳಾ ಬಿಟ್ಟೆವು. ಆ ಮಳೆಗಾಲದಿಂದೀಚೆಗೆ ಮಾಡಿ ಮಾರಿದ ಚಾಕುಗಳನ್ನೆಲ್ಲ ಹೋಟೆಲು ಹೋಟೆಲಿಗೆ ಹೋಗಿ ವಾಪಸು ತಂದದ್ದು ಅವರೇ; ನನ್ನನ್ನು ಜೊತೆಗೆ ಬರಗೊಡಲಿಲ್ಲ.

ಅವರು ಊರಿಗೆ, ತಮ್ಮನ ಮನೆಗೆ, ಹೊರಟ ದಿನ ನಾನು ದಾದರ್ ಸ್ಟೇಷನ್ನಿಗೆ ಹೋಗಿದ್ದೆ. ಗಾಡಿ ಬರುವ ಮೊದಲು ಚೀಲದಿಂದ ಉರ್ದು ಪತ್ರಿಕೆಯಲ್ಲಿ ಸುತ್ತಿದ ಒಂದು ಚಾಕುವನ್ನು ತೆಗೆದು ಕೊಟ್ಟರು. ಅದೂ ಆ ಮಳೆಗಾಲದ ಈಚಿನ ಮಾಲೇ; ಹಿಡಿಯನ್ನು ಮಾತ್ರ ತಾವೇ ಹೊಸದಾಗಿ ಕೂರಿಸಿದ್ದರು, ನನಗಿಂತ ಚೆನ್ನಾಗಿ.

“ಇದು ಮುರಿಯೂದಿಲ್ಲ. ಯಾಕಂತ ಕೇಳಬ್ಯಾಡ್ರಿ, ಹಿಡಿ ಬಿಚ್ಚಿ ನೋಡಬ್ಯಾಡ್ರಿ. ಒಂದರ ತಾರೀಖು ತಿಳೀಲಿಲ್ಲಂದ್ರ ಏನೂ ಆಗೂದಿಲ್ಲ, ಮಾಸ್ತರ.”

ಗಾಡಿ ಹೋದ ಮೇಲೆ ನಾಲ್ಕು ತಿಂಗಳು ನಾನು ಆ ಪಟ್ಟಿಯನ್ನು ಮುಟ್ಟಲಿಲ್ಲ. ವಾಪಸು ಬಂದ ಚಾಕುಗಳು ಮಂಚದ ಕೆಳಗೆ ಪೆಟ್ಟಿಗೆಯಲ್ಲಿದ್ದವು. ಒಂದು ದಿನ ಬೆಳಿಗ್ಗೆ, ಪೂರ್ತಿ ಪರಿಶೀಲಿಸದೆ ನಿರ್ಣಯಕ್ಕೆ ಬಂದೆನೆಂಬ ಕಸಿವಿಸಿಯಿಂದ, ಎಲ್ಲವುಗಳ ಹಿಡಿ ಬಿಚ್ಚಿದೆ. ಒಂದೊಂದರ ತುದಿಯನ್ನೂ ಇಕ್ಕಳದಲ್ಲಿ ಹಿಡಿದು ಬಾಗಿಸಿದೆ. ಕೆಲವು ಚಟ್ಟನೆ ಮುರಿದವು. ಕೆಲವು ಬಾಗಿ ಮತ್ತೆ ನೆಟ್ಟಗಾದವು. ಎರಡು ಗುಂಪಿನ ದಿನಾಂಕಗಳನ್ನೂ ನನ್ನ ದಿನಚರಿಯೊಡನೆ ತಾಳೆ ನೋಡಿದೆ. ಮುರಿದವೆಲ್ಲ ನಾನು ಗ್ರಂಥಾಲಯದಲ್ಲಿದ್ದ ದಿನಗಳವು. ಬಾಗಿ ನೆಟ್ಟಗಾದವೆಲ್ಲ ನಾನು ಕಾಂದಿವಲಿಯಲ್ಲಿ, ಅವರ ಪಕ್ಕದಲ್ಲಿ ನಿಂತು ಬಣ್ಣ ಹೇಳಿದ ದಿನಗಳವು. ಮೂರು ಸಲ ತಾಳೆ ನೋಡಿದೆ. ಒಂದೂ ತಪ್ಪಲಿಲ್ಲ.

ನಾನು ವಾರಕ್ಕೆ ಐದು ದಿನವೂ ಹೋಗಿದ್ದರೆ ಸಾಕಿತ್ತು. ಇಬ್ಬರು ಮುದುಕರು, ಒಬ್ಬನ ಕೈ, ಒಬ್ಬನ ಕಣ್ಣು. ಗಾಳಾ ಇಂದಿಗೂ ನಡೆಯುತ್ತಿರಬಹುದಿತ್ತು.

ಆಗಲೇ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ನಕ್ಕರು. ನನಗೆ ಆಗಲೇ ಯಾಕೆ ತಿಳಿಸಲಿಲ್ಲವೆಂದು ಕೇಳಿದೆ.

“ನೀವು ಪರೀಕ್ಷಾ ಅಂತ ತಿಳಕೊಂಡು ಭಾಳ ಖುಷಿಲೆ ಉತ್ತರ ಹೇಳತಿದ್ರಿ. ಕೆಡಸಲಿಕ್ಕ ಮನಸಾಗಲಿಲ್ಲ.”

ಚಳಿಗಾಲಕ್ಕೆ ಬರುತ್ತೇನೆ, ಅಲ್ಲಿಯೇ ಒಂದು ಸಣ್ಣ ಕುಲುಮೆ ಹಾಕೋಣ, ಬಣ್ಣ ನಾನು ಹೇಳುತ್ತೇನೆ ಎಂದೆ. ಉತ್ತರದ ಕಿಟಕಿಯಿರುವ ಕೋಣೆ ನೋಡಿಡುತ್ತೇನೆಂದರು. ನವೆಂಬರಿನಲ್ಲಿ ಅವರ ತಮ್ಮ ಫೋನ್ ಮಾಡಿದರು. ಹಿಂದಿನ ದಿನವೇ ದಾವಲಸಾಬರ ಮಣ್ಣಾಗಿತ್ತು. ಕೋಣೆಯನ್ನು ನೋಡಿಟ್ಟಿದ್ದರಂತೆ.

ಅವರು ಕೊಟ್ಟ ಚಾಕು ನಮ್ಮ ಅಡುಗೆಮನೆಯಲ್ಲಿದೆ. ದಿನವೂ ತೆಂಗಿನ ಹೋಳಿಗೂ ಸುವರ್ಣಗೆಡ್ಡೆಗೂ ಅದೇ. ಸಾಣೆ ಹಿಡಿದು ಹಿಡಿದು ಅಲಗು ಸ್ವಲ್ಪ ಸವೆದಿದೆ, ಮುರಿದಿಲ್ಲ. ಅದು ನಾನು ಬಣ್ಣ ಹೇಳಿದ ದಿನದ್ದೇ ಇರಬೇಕು. ಹಿಡಿಗೆ ಎರಡೇ ಮೊಳೆಗಳಿವೆ. ಬಿಚ್ಚಿ ನೋಡಲು ಐದು ನಿಮಿಷ ಸಾಕು, ಬೇಕಾದ ಇಕ್ಕಳವೂ ಮನೆಯಲ್ಲಿದೆ. ಬಿಚ್ಚಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಅದನ್ನು ತೊಳೆದು, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಉಜ್ಜಿದ ಉಕ್ಕಿನ ಮೇಲೆ ಈಗ ಯಾವ ಬಣ್ಣವೂ ಇಲ್ಲವೆಂದು ಬಲ್ಲೆ. ಆದರೂ ಯಾರೋ ಪಕ್ಕದಲ್ಲಿ ನಿಂತು ಕೇಳಿದ ಹಾಗೆ, ಹುರಿದ ಗೋಧಿ ಎಂದು ಮೆಲ್ಲಗೆ ಹೇಳಿ, ಅದನ್ನು ಅದರ ಜಾಗದಲ್ಲಿಡುತ್ತೇನೆ.