ಇಟ್ಟಿಗೆ ಸೇತುವೆಯ ಊರಿನ ಸಿಸ್ಟರ್

ಸಿಸ್ಟರ್ ಆಗ್ನೆಸ್ ಬೆಕ್ಕಿಗೂ ಬಹುವಚನ ಹಚ್ಚುತ್ತಿದ್ದರು. ಬೆಳಗಾವಿಯ ನಮ್ಮ ಕಾನ್ವೆಂಟಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹೊರಗ ನಡೀರಿ, ಹಾಲು ನಿಮಗಲ್ರಿ" ಎಂದು ಗದರುವರು. ಅಡುಗೆಯ ಹೆಂಗಸರಿಂದ ಕಲಿತ ಕನ್ನಡ ಅದು. ಎಲ್ಲರಿಗೂ ಒಂದೇ ಮರ್ಯಾದೆ.

ಅವರು ಇಂಗ್ಲೆಂಡಿನ ಹಳ್ಳಿಯೊಂದರವರು. ನಮಗೆ ಪಾಠ ಬೇಸರವಾದರೆ ಹಲಗೆಯ ಮೇಲೆ ತಮ್ಮೂರಿನ ಹಳೆಯ ಸೇತುವೆ ಬರೆಯುತ್ತಿದ್ದರು: ಕಾಲುವೆಯ ಮೇಲೆ ಗೂನುಬೆನ್ನಿನಂತೆ ಬಾಗಿದ ಕೆಂಪು ಇಟ್ಟಿಗೆಯ ಕಮಾನು, ಬಿರುಕಿನಲ್ಲೊಂದು ಹುಲ್ಲಿನ ಎಸಳು. ಆ ಎಸಳನ್ನು ಒಮ್ಮೆಯೂ ಮರೆತವರಲ್ಲ.

ನನ್ನ ಏಳನೆಯ ತರಗತಿ ಮುಗಿದು ರಜೆಗೆ ಬಂದಾಗ ಅಜ್ಜಿ ನನ್ನನ್ನು ಬೈಲಹೊಂಗಲದ ಮನೆಯಲ್ಲೇ ಉಳಿಸಿಕೊಂಡಳು. ಅವ್ವ ತೀರಿಕೊಂಡಿದ್ದಳು, ಮನೆಯಲ್ಲಿ ಅಜ್ಜಿಯದೇ ಮಾತು. "ದೊಡ್ಡಾಕಿ ಆಗ್ಯಾಳ. ಅಷ್ಟು ದೂರ ಇನ್ನ ಬ್ಯಾಡ." ನನ್ನ ಟ್ರಂಕು ಅಟ್ಟ ಸೇರಿತು.

ಒಂದು ಮಧ್ಯಾಹ್ನ ಸಿಸ್ಟರ್ ಬಸ್ಸಿಳಿದು ಮನೆಗೇ ಬಂದರು. ಶಾಲೆಯ ಮಾತೆತ್ತಲಿಲ್ಲ. ಕಾಲು ತೊಳೆಯಲು ಹಿತ್ತಲಿನ ಬಾವಿಗೆ ಹೋದವರು, ಹಗ್ಗ ತಿಕ್ಕಿ ತಿಕ್ಕಿ ಕಟ್ಟೆಯ ಕಲ್ಲಿಗೆ ಬಿದ್ದಿದ್ದ ಗೀರಿನಲ್ಲಿ ಬೆರಳಿಟ್ಟು ನಿಂತರು.

"ನಮ್ಮೂರ ಸೇತುವಿಗೂ ಹಿಂಗ ಗೀರು ಅದಾವ್ರಿ. ಕುದುರಿ ಕಾಲುವಿ ದಂಡಿ ಮ್ಯಾಲ ನಡಕೋತ ದೋಣಿ ಎಳೀತಿತ್ತು. ಆ ಹಗ್ಗ ಇಟ್ಟಂಗಿ ಕೊರದೈತ್ರಿ."

"ದೋಣಿಗೆ ಕುದುರಿ ಹೂಡತಾರ?" ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. "ಮತ್ತ ನಮ್ಮ ಎತ್ತಿಗೆ ಈಜು ಕಲಸೂದೊಂದ ಉಳೀತು ನೋಡ್ರಿ, ಅಕ್ಕಾರ."

ನಗು ನಿಂತ ಮೇಲೆ ಕೇಳಿದಳು, "ಇಷ್ಟು ದೂರ ಕಳಸಾಕ ನಿಮ್ಮವ್ವ ಒಪ್ಪಿದ್ಲ?"

"ಇಲ್ರಿ. ಸೇತುವಿ ತನಕ ಜಗಳಾಡಕೋತ ಬಂದ್ಲು. ಅಲ್ಲಿ ನನ್ನ ಚೀಲ ನನ್ನ ಕೈಯಾಗ ಕೊಟ್ಟು ನಿಂತ್ಲು." ಸಿಸ್ಟರ್ ಒದ್ದೆ ಬೆರಳನ್ನು ಒರೆಸಿಕೊಂಡರು. "ಆಮ್ಯಾಲ ನಾ ಆಕಿನ್ನ ನೋಡ್ಲಿಲ್ರಿ."

ಆ ಕೊನೆಯ ಮಾತನ್ನು ಅವರು ನುಂಗಿಕೊಳ್ಳಬಹುದಿತ್ತು. ನನ್ನ ಶಾಲೆ ಅಲ್ಲಿಗೆ ಮುಗಿಯಿತೆಂದುಕೊಂಡೆ. ಅಜ್ಜಿ ಬಾವಿಯ ಹಗ್ಗ ಸುತ್ತಿ ಕಟ್ಟೆಯ ಮೇಲಿಟ್ಟಳು.

"ಬೆಳಗಾವಿ ಬಸ್ಸು ದಿನಾ ಬರತೈತಿ," ಎಂದಳು ಕಡೆಗೆ. "ನಮ್ಮಾಕಿ ಬಾ ಅಂದ್ರ ಬರತಾಳ. ಟ್ರಂಕ ಇಳಸ್ರಿ."

ನಾನು ದೊಡ್ಡ ಹುದ್ದೆಗೇನೂ ಹೋಗಲಿಲ್ಲ. ಮನೆ, ಮಕ್ಕಳು, ಮಧ್ಯಾಹ್ನ ಪಾತ್ರೆ ಬೋರಲು ಹಾಕಿದ ಮೇಲೆ ಒಂದು ಪುಸ್ತಕ. ಆ ಹೊತ್ತು ಮಾತ್ರ ಪೂರ್ತಿ ಸಿಸ್ಟರ್ ಕೊಟ್ಟದ್ದು.

ವಯಸ್ಸಾದ ಮೇಲೆ ಅವರನ್ನು ಅವರ ಮಠದವರು ಇಂಗ್ಲೆಂಡಿಗೆ ವಾಪಸು ಕರೆಸಿಕೊಂಡರು. ಹೊರಡುವ ಮುನ್ನ ಅಜ್ಜಿಯ ಮನೆಗೆ ಊಟಕ್ಕೆ ಬಂದಿದ್ದರು; ನಾನೂ ಹೋಗಿದ್ದೆ. ಅವರನ್ನು ನಾನು ನೋಡಿದ್ದು ಅದೇ ಕೊನೆ.

"ಅಲ್ಲಿ ನಿಮ್ಮೋರು ಯಾರದಾರ?" ಅಜ್ಜಿ ಕೇಳಿದಳು.

"ಯಾರೂ ಇಲ್ರಿ, ಅವ್ವಾರ."

"ಹಂಗಾದ್ರ ಇಲ್ಲೇ ಇರ್ರಿ. ಮನಿ ದೊಡ್ಡದೈತಿ."

ಸಿಸ್ಟರ್ ಸಾಕು ಎಂದು ಆಗಲೇ ಸರಿಸಿದ್ದ ತಾಟನ್ನು ಮತ್ತೆ ಮುಂದೆ ಚಾಚಿದರು. ಅಜ್ಜಿ ಇನ್ನೊಂದು ರೊಟ್ಟಿ ಬಡಿಯಲು ಕುಳಿತಳು.